ನೀರಿನ ಕರ ಏರಿಸಿದರೆ ಎಡದಂಡೆಯ ಕೊನೆಭಾಗಕ್ಕೆ ನೀರು ಬರುತ್ತದಾ? ಲೆಕ್ಕ ಹಾಕಿ ನೋಡೋಣ

ಲೆಕ್ಕದ_ಹಾಳೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗಕ್ಕೆ ನೀರು ತಲುಪಬೇಕಾದರೆ ನೀರಿನ ಕರ ಏರಿಸಬೇಕು, ಆಗ ಮೇಲ್ಭಾಗದವರು ತಾವಾಗಿಯೇ ಭತ್ತ ಬಿಡುತ್ತಾರೆ ಅಂತ ಒಂದು ವಾದ ಇದೆ. ಕೃಷಿ ಅರ್ಥಶಾಸ್ತ್ರ ಓದಿದವರು ಇದನ್ನು ಜಾಸ್ತಿ ಹೇಳುತ್ತಾರೆ. ನಾನು ಓದಿದ್ದೂ ಅದೇ ವಿಷಯ. ಆದರೆ ಈ ವಾದವನ್ನು ನಮ್ಮ ನಾಲೆಗೆ ಹಚ್ಚಿ ನೋಡಿದರೆ ಲೆಕ್ಕ ಕೂಡಿ ಬರುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ.

ಈ ಭಾಗದವರಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ನಾಲೆ ಸುಮಾರು 227 ಕಿ.ಮೀ. ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ಕಡೆ ಬರುತ್ತದೆ. ಯೋಜನೆ ಮಾಡಿದಾಗ ಇದು ಭತ್ತದ ನಾಲೆ ಆಗಿರಲಿಲ್ಲ. ಬರದ ಸೀಮೆಗೆ ತೆಳ್ಳಗೆ, ಅಗಲವಾಗಿ ನೀರು ಹಂಚಬೇಕು ಅಂತ ಇತ್ತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಲೋಕಲೈಸೇಶನ್ ಮಾಡಿದರು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸ್ವಲ್ಪ ಜಾಗ. ನಡೆದಿದ್ದು ಬೇರೆ. ಮೇಲ್ಭಾಗ ಪೂರ್ತಿ ಭತ್ತ ಆಯ್ತು. ಇತ್ತ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788 ಟಿಎಂಸಿಗೆ ಇಳಿಯಿತು.

ಈಗ ಲೆಕ್ಕ. ಕೆಳಗಿನ ಆದಾಯದ ಅಂಕಿಗಳು ನಾನು ಉದಾಹರಣೆಗೆ ಹಿಡಿದವು, ಸಮೀಕ್ಷೆಯವಲ್ಲ. ನಿಮ್ಮ ಅಂಕಿ ಹಾಕಿ ನೋಡಬಹುದು.

ಒಂದು ಎಕರೆ ಮೇಲೆ ಒಂದು ಅಡಿ ನೀರು ನಿಂತರೆ ಅದು ಒಂದು ಎಕರೆ ಅಡಿ. ಭತ್ತಕ್ಕೆ ಹೊಲದಲ್ಲಿ 4 ಎಕರೆ ಅಡಿ ಬೇಕು ಅಂತ ಹಿಡಿಯಿರಿ, ಹತ್ತಿಗೆ 2. ಖರ್ಚು ಕಳೆದು ಎಕರೆಗೆ ಭತ್ತದಲ್ಲಿ 25,000 ರೂ. ಉಳಿಯುತ್ತದೆ, ನೀರಾವರಿ ಹತ್ತಿಯಲ್ಲಿ 18,000 ರೂ. ಬರೀ ಮಳೆ ನಂಬಿದರೆ 5,000 ರೂ. ಅಂದರೆ ನೀರು ಕೊಟ್ಟಿದ್ದರಿಂದ ಹೆಚ್ಚಾಗಿದ್ದು ಭತ್ತಕ್ಕೆ 20,000, ಹತ್ತಿಗೆ 13,000. ಎಕರೆ ಅಡಿಗೆ ಭಾಗಿಸಿ: ಭತ್ತ 5,000, ಹತ್ತಿ 6,500. ಎಕರೆ ಲೆಕ್ಕದಲ್ಲಿ ಭತ್ತ ಗೆಲ್ಲುತ್ತದೆ, ನೀರಿನ ಲೆಕ್ಕದಲ್ಲಿ ಹತ್ತಿ ಗೆಲ್ಲುತ್ತದೆ.

ಮೇಲ್ಭಾಗದ ರೈತನಿಗೆ ಕೊರತೆ ಇರುವುದು ಭೂಮಿಯದು, ನೀರಿನದಲ್ಲ. ಹಾಗಾಗಿ ಅವನು ಎಕರೆ ನೋಡುತ್ತಾನೆ. ಕೊನೆಭಾಗದವನಿಗೆ ಭೂಮಿ ಇದೆ, ನೀರಿಲ್ಲ. ಇನ್ನೊಂದು ಎಕರೆ ಅಡಿ ನೀರು ಸಿಕ್ಕರೆ ಎಷ್ಟು ಲಾಭ ಅನ್ನುವುದಕ್ಕೆ ಅರ್ಥಶಾಸ್ತ್ರದಲ್ಲಿ ನೆರಳು ಬೆಲೆ ಅನ್ನುತ್ತಾರೆ. ಕಾರಟಗಿಯಲ್ಲಿ ಅದು ಸೊನ್ನೆ, ಮಾನ್ವಿಯಲ್ಲಿ 6,500. ಎರಡೂ ಊರನ್ನು ಸೇರಿಸಿ ಇಡೀ ಅಚ್ಚುಕಟ್ಟಿಗೆ ಒಬ್ಬನೇ ರೈತ ಅಂತ ಹಿಡಿದು ಮಾಡಿದ ಲೆಕ್ಕದ ಮಾದರಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು ಕರ. 2000ರ ಪರಿಷ್ಕರಣೆಯಲ್ಲಿ ಭತ್ತಕ್ಕೆ ಎಕರೆಗೆ 100 ರೂ., ಕಬ್ಬಿಗೆ 400 ರೂ. ಅಂತ ಆಯ್ತು. 100 ಅಂದರೆ ಎಕರೆ ಅಡಿಗೆ 25 ರೂ. ಭತ್ತ ಬಿಟ್ಟು ಹತ್ತಿಗೆ ಹೋದರೆ ಮೇಲ್ಭಾಗದವನಿಗೆ 7,000 ನಷ್ಟ, ಉಳಿಯುವ ನೀರು 2 ಎಕರೆ ಅಡಿ. ಎಕರೆ ಅಡಿಗೆ 3,500 ರೂ. ಕರ ಹಾಕಿದರೆ ಮಾತ್ರ ಅವನಿಗೆ ಎರಡೂ ಸಮ ಆಗುತ್ತದೆ. ಇದು 25ರ 140 ಪಟ್ಟು. ಆ ದರದಲ್ಲಿ ಅವನು ಭತ್ತ ಬೆಳೆದರೂ ಕೈಗೆ 11,000, ಹತ್ತಿ ಬೆಳೆದರೂ 11,000. ಅರ್ಧಕ್ಕಿಂತ ಹೆಚ್ಚು ಆದಾಯ ಹೋಯ್ತು. ಇದನ್ನು ಯಾವ ಸರ್ಕಾರವೂ ಮಾಡುವುದಿಲ್ಲ, ಮಾಡಲೂಬಾರದು. ಕರವನ್ನು ಎರಡು ಪಟ್ಟು, ಐದು ಪಟ್ಟು ಮಾಡಿದರೆ ನಾಲೆ ರಿಪೇರಿಗೆ ದುಡ್ಡು ಬರಬಹುದು. ಒಂದು ಎಕರೆ ಭತ್ತವೂ ಕಡಿಮೆ ಆಗಲ್ಲ.

ನನ್ನ ಪ್ರಕಾರ ಕೇಳಬೇಕಾದ್ದು ದರದ ಪ್ರಶ್ನೆ ಅಲ್ಲ, ಪಾಲಿನ ಪ್ರಶ್ನೆ. ಯಾವ ಉಪಕಾಲುವೆಗೆ ಎಷ್ಟು ನೀರು, ಎಂದು, ಅದು ತಲುಪಿತಾ ಇಲ್ಲವಾ. ನೀವು ಏನಂತೀರಿ?

ಕಾರಟಗಿ_ಭತ್ತ

ಸರ್, ಲೆಕ್ಕ ಓದಿದೆ. 140 ಪಟ್ಟು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು. ಭತ್ತ ಬೆಳೆಯುವವರೆಲ್ಲ ನೀರು ಕದಿಯುವವರು ಅಂತ ಮಾತಾಡುವುದು ಕೇಳಿ ಕೇಳಿ ಬೇಸರ ಆಗಿದೆ.

ಒಂದು ವಿಷಯ ನಿಮ್ಮ ಹಾಳೆಯಲ್ಲಿ ಇಲ್ಲ. ನಾನು ಹತ್ತಿ ಹಾಕುತ್ತೇನೆ ಅಂದುಕೊಳ್ಳಿ. ನನ್ನ ಬದುವಿನ ಆಚೆ ಕಡೆ ಭತ್ತ, ಈಚೆ ಕಡೆ ಭತ್ತ. ಅವರ ಗದ್ದೆಯ ನೀರು ಬಸಿದು ನನ್ನ ಹೊಲಕ್ಕೆ ಬರುತ್ತದೆ. ಎರೆಮಣ್ಣು, ನೀರು ಇಂಗಲ್ಲ. ಹದಿನೈದು ದಿನದಲ್ಲಿ ಹತ್ತಿ ಎಲೆ ಹಳದಿ ಆಗಿ ಬೇರು ಕೊಳೆಯುತ್ತದೆ. ನಮ್ಮ ಮಾವನವರು ಹಾಗೆ ಒಮ್ಮೆ ಎರಡು ಎಕರೆ ಕಳೆದುಕೊಂಡರು. ಒಬ್ಬನೇ ಬೆಳೆ ಬದಲಾಯಿಸಲು ಇಲ್ಲಿ ಆಗಲ್ಲ. ತೂಬಿನ ಕೆಳಗೆ ಇರುವವರೆಲ್ಲ ಒಟ್ಟಿಗೆ ಬದಲಾಯಿಸಬೇಕು.

ಇನ್ನೊಂದು. ಭತ್ತಕ್ಕೆ ಮಿಲ್ಲಿದೆ, ದಲ್ಲಾಳಿ ಇದ್ದಾನೆ, ಬಿತ್ತನೆಗೆ ಮುಂಗಡ ಸಿಗುತ್ತದೆ. ಸೋನಾ ಮಸೂರಿ ಕಣದಲ್ಲೇ ತೂಗಿ ಒಯ್ಯುತ್ತಾರೆ. ಹತ್ತಿಗೆ ಹುಳ ಬಿದ್ದರೆ, ದರ ಬಿದ್ದರೆ ನನ್ನ ಹಿಂದೆ ಯಾರಿದ್ದಾರೆ? ನೀವು ಹಿಡಿದ 18,000 ಒಳ್ಳೆ ವರ್ಷದ್ದು. ಕೆಟ್ಟ ವರ್ಷದ್ದೂ ಹಿಡಿಯಿರಿ.

ಕೊನೆತೂಬು (ಮಾನ್ವಿ)

ಅಣ್ಣಾ, ನಿಮ್ಮ ಮಾತು ಒಪ್ಪುತ್ತೇನೆ. ಬಸಿನೀರಿನ ಕಷ್ಟ ಸುಳ್ಳಲ್ಲ. ಆದರೆ ನಮ್ಮದೂ ಕೇಳಿ.

ನಮ್ಮ ಹೊಲ ಅಚ್ಚುಕಟ್ಟಿನಲ್ಲಿದೆ ಅಂತ ದಾಖಲೆಯಲ್ಲಿದೆ. ಅಪ್ಪನ ಕಾಲದಿಂದ ಇದೆ. ನೀರು ಬಂದರೂ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ. ಆಗಸ್ಟ್‌ನಲ್ಲಿ ಬಂದರೆ ಮೆಣಸಿನಕಾಯಿ ಹಚ್ಚಬಹುದು. ಅಕ್ಟೋಬರ್‌ನಲ್ಲಿ ಬಂದರೆ ಜೋಳ, ಕಡಲೆ. ಯಾವಾಗ ಅಂತ ಗೊತ್ತಿಲ್ಲದಿದ್ದರೆ ಏನು ಮಾಡೋದು? ತೊಗರಿ ಬಿತ್ತಿ ಮಳೆ ನೋಡುತ್ತಾ ಕೂರುತ್ತೇವೆ. ನೀರು ಎಷ್ಟು ಅನ್ನುವುದಕ್ಕಿಂತ ಯಾವತ್ತು ಅನ್ನುವುದೇ ನಮಗೆ ದೊಡ್ಡದು. ಸೆಪ್ಟೆಂಬರ್‌ನಲ್ಲಿ ಎರಡು ಸಲ ಖಾತ್ರಿ ನೀರು ಕೊಟ್ಟರೆ ಸಾಕು, ನಾಲ್ಕು ಸಲ ಕೊಡುತ್ತೇವೆ ಅಂತ ಹೇಳಿ ಕೊಡದೆ ಇರುವುದಕ್ಕಿಂತ ಅದು ಮೇಲು.

ಕಾಲುವೆ ಬತ್ತಿದರೆ ಕುಡಿಯುವ ನೀರಿನ ಕೆರೆಯೂ ಬತ್ತುತ್ತದೆ. ಆಮೇಲೆ ಅರ್ಧ ಊರು ಗುಳೆ ಹೋಗುತ್ತದೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಮಕ್ಕಳ ಶಾಲೆ ಅಲ್ಲಿಗೆ ನಿಂತಿತು. ಇದು ನಿಮ್ಮ 6,500ರಲ್ಲಿ ಬರುತ್ತದಾ ಸರ್?

ಲೆಕ್ಕದ_ಹಾಳೆ

ಬರಲ್ಲ. ಬರಬೇಕು. ಗುಳೆ ಹೋದ ಮನೆಯ ಖರ್ಚನ್ನು ರೂಪಾಯಿಯಲ್ಲಿ ಹೇಳುವುದು ಕಷ್ಟ ಅಂತ ಬಿಟ್ಟುಬಿಟ್ಟರೆ, ಅದರ ಬೆಲೆ ಸೊನ್ನೆ ಅಂತ ಮಾದರಿಗೆ ಹೇಳಿದ ಹಾಗೆ ಆಗುತ್ತದೆ. ಅದಕ್ಕೆ ನಾನು ಅದನ್ನು ರೂಪಾಯಿ ಮಾಡದೆ ಒಂದು ಷರತ್ತು ಮಾಡುತ್ತೇನೆ: ಕುಡಿಯುವ ನೀರಿನ ಕೆರೆ ಮೊದಲು ತುಂಬಬೇಕು, ಉಳಿದದ್ದರ ಮೇಲೆ ಮಾತ್ರ ಲೆಕ್ಕ.

ಸಮಯದ ಬಗ್ಗೆ ನೀವು ಹೇಳಿದ್ದು ಬಹಳ ಮುಖ್ಯ. ಹಂಗಾಮಿಗೆ ಇಷ್ಟು ಟಿಎಂಸಿ ಅಂತ ಒಂದೇ ಸಂಖ್ಯೆ ಇಟ್ಟು ಮಾಡುವ ಮಾದರಿಗಳಿಗೆ ಸೆಪ್ಟೆಂಬರ್ ನೀರೂ ಒಂದೇ, ನವೆಂಬರ್ ನೀರೂ ಒಂದೇ. ರೈತನಿಗೆ ಹಾಗಲ್ಲ. ಹಾಳೆಯಲ್ಲಿ ಹದಿನೈದು ದಿನಕ್ಕೊಂದು ಕಾಲಂ ಮಾಡುತ್ತೇನೆ.

ಕೃಷಿ_ಅರ್ಥ (ಧಾರವಾಡ)

ಸರ್, ನಾನು ಎಂ.ಎಸ್ಸಿ. ಮಾಡುತ್ತಿದ್ದೇನೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ (ಇರುವ ಭೂಮಿ, ನೀರಿನೊಳಗೆ ಹೆಚ್ಚು ಲಾಭ ಕೊಡುವ ಬೆಳೆ ಹುಡುಕುವ ಗಣಿತ) ಹಾಕಿದರೆ ಪ್ರತಿ ಸಲ ಒಂದೇ ಬೆಳೆ ಇಡೀ ಭೂಮಿ ತಿಂದುಬಿಡುತ್ತದೆ. ಇಲ್ಲಾಂದರೆ ಎರಡು ಬೆಳೆ. ನಿಜವಾದ ಊರಲ್ಲಿ ಐದಾರು ಬೆಳೆ ಇರುತ್ತವೆ. ನಾವೇ ಭತ್ತ ಇಷ್ಟಕ್ಕಿಂತ ಹೆಚ್ಚು ಬೇಡ, ಹತ್ತಿ ಇಷ್ಟಕ್ಕಿಂತ ಕಡಿಮೆ ಬೇಡ ಅಂತ ಬೇಲಿ ಹಾಕಬೇಕಾಗುತ್ತದೆ. ಹಾಗೆ ಹಾಕಿದರೆ ಉತ್ತರವನ್ನು ನಾವೇ ಬರೆದ ಹಾಗೆ ಅಲ್ವಾ?

ಲೆಕ್ಕದ_ಹಾಳೆ

ಸರಿಯಾದ ಕಡೆ ಕೈ ಇಟ್ಟಿದ್ದೀರಿ. ರಿಚರ್ಡ್ ಹೋವಿಟ್ ಅನ್ನುವ ಕೃಷಿ ಅರ್ಥಶಾಸ್ತ್ರಜ್ಞ 1995ರಲ್ಲಿ ಪಾಸಿಟಿವ್ ಮ್ಯಾಥಮ್ಯಾಟಿಕಲ್ ಪ್ರೋಗ್ರಾಮಿಂಗ್ ಅಂತ ಪ್ರಕಟಿಸಿದ್ದು ಇದಕ್ಕೇ. ಆ ದಾರಿಯಲ್ಲೇ ಕ್ಯಾಲಿಫೋರ್ನಿಯಾದ ನೀರಾವರಿ ಮಾದರಿಗಳು ಬೆಳೆದವು.

ಅದರ ತಿರುಳು ಇಷ್ಟು. ರೈತ ಈಗ ಏನು ಬೆಳೆಯುತ್ತಿದ್ದಾನೋ ಅದನ್ನೇ ಸಾಕ್ಷಿ ಅಂತ ಹಿಡಿಯಬೇಕು. ನಮ್ಮ ಲೆಕ್ಕದಲ್ಲಿ ಲಾಭ ಕಡಿಮೆ ಇರುವ ಬೆಳೆಯನ್ನೂ ಅವನು ಬೆಳೆಯುತ್ತಿದ್ದರೆ, ನಮಗೆ ಕಾಣದ ಯಾವುದೋ ಕಾರಣ ಇದೆ. ಮಣ್ಣು ಇರಬಹುದು, ಕೂಲಿ ಸಿಗದಿರುವುದು ಇರಬಹುದು, ದನಕ್ಕೆ ಮೇವು, ಮನೆಗೆ ಜೋಳದ ರೊಟ್ಟಿ, ದಲ್ಲಾಳಿಯ ಮುಂಗಡ. ಆ ಕಾಣದ ಖರ್ಚನ್ನು ಅವನ ಬಿತ್ತನೆಯ ವಿಸ್ತೀರ್ಣದಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ಮಾದರಿಗೆ ಸೇರಿಸುತ್ತಾರೆ. ಒಂದು ಬೆಳೆ ಹೆಚ್ಚಿಸುತ್ತಾ ಹೋದ ಹಾಗೆ ಅದರ ಖರ್ಚೂ ಏರುತ್ತದೆ. ಆಗ ಬೇಲಿ ಬೇಕಿಲ್ಲ, ಮಾದರಿ ಈಗಿನ ಬೆಳೆಯನ್ನು ತಾನೇ ತೋರಿಸುತ್ತದೆ. ಆಮೇಲೆ ನೀರು ಕಡಿಮೆ ಮಾಡಿ ಏನಾಗುತ್ತದೆ ನೋಡಬಹುದು.

ಕಾರಟಗಿಯವರು ಹೇಳಿದ ಮಿಲ್ಲು, ಮುಂಗಡ, ಹುಳದ ಭಯ ಎಲ್ಲ ಇದರೊಳಗೆ ಬರುತ್ತವೆ. ಆದರೆ ಒಂದು ಎಚ್ಚರಿಕೆ. ಮಾನ್ವಿಯಲ್ಲಿ ಈಗ ತೊಗರಿ ಇರುವುದು ರೈತನಿಗೆ ಇಷ್ಟ ಅಂತ ಅಲ್ಲ, ನೀರಿನ ನಂಬಿಕೆ ಇಲ್ಲ ಅಂತ. ಈಗಿನ ಬೆಳೆಯನ್ನೇ ಸಾಕ್ಷಿ ಅಂತ ಹಿಡಿದರೆ ಆ ಅನ್ಯಾಯವೂ ಮಾದರಿಯೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಕೊನೆಭಾಗಕ್ಕೆ ನೀರು ಚೆನ್ನಾಗಿ ಬಂದ ವರ್ಷಗಳ ಬಿತ್ತನೆ ಹಿಡಿಯಬೇಕು.

ಹಳೇ_ಗೇಜ್ (ನಿವೃತ್ತ ಇಂಜಿನಿಯರ್)

ನಾನು ಕಾಲುವೆ ಮೇಲೇ ನೌಕರಿ ಮಾಡಿದವನು. ಕೆಲವು ಮಾತು ಸೇರಿಸುತ್ತೇನೆ.

ಮೊದಲನೆಯದು, ದಾರಿಯಲ್ಲಿ ಹೋಗುವ ನೀರು. ಮೇಲೆ 2 ಎಕರೆ ಅಡಿ ಉಳಿಸಿದರೆ ಕೆಳಗೆ 2 ತಲುಪಲ್ಲ. ಒಡೆದ ಲೈನಿಂಗ್, ಇಲಿ ಬಿಲ, ಜಾಲಿ ಬೆಳೆದ ಉಪಕಾಲುವೆ, ರಾತ್ರಿ ಹಾಕುವ ಪೈಪು. ನಿಮ್ಮದೇ ಅಂಕಿ ಹಿಡಿದು ಲೆಕ್ಕ ಹಾಕಿದೆ. ಮೇಲೆ 7,000 ನಷ್ಟ, ಕೆಳಗೆ ಎಕರೆ ಅಡಿಗೆ 6,500 ಲಾಭ. ದಾರಿಯಲ್ಲಿ ಶೇ. 30 ಹೋದರೆ ಕೆಳಗೆ 1.4 ಎಕರೆ ಅಡಿ ತಲುಪುತ್ತದೆ, ಲಾಭ 9,100. ಒಟ್ಟು ಊರಿಗೆ 2,100 ಉಳಿಯಿತು. ಶೇ. 50 ಹೋದರೆ ಕೆಳಗಿನ ಲಾಭ ಬರೀ 6,500. ಮೇಲಿನ ನಷ್ಟಕ್ಕಿಂತ ಕಡಿಮೆ. ಶೇ. 46ರ ಹತ್ತಿರ ಲೆಕ್ಕ ತಿರುಗಿಬಿಡುತ್ತದೆ. ಹಾಗಾಗಿ ಬೆಳೆ ಬದಲಾಯಿಸಿ ಅಂತ ರೈತನಿಗೆ ಹೇಳುವ ಮೊದಲು ಕಾಲುವೆ ಸರಿ ಮಾಡಬೇಕು.

ಎರಡನೆಯದನ್ನು ಪುಸ್ತಕದವರು ಬಹಳ ಸಲ ಮರೆಯುತ್ತಾರೆ. ಮೇಲ್ಭಾಗದ ಗದ್ದೆಗೆ ಬಿಟ್ಟ 4 ಅಡಿಯೂ ಅಲ್ಲೇ ಖರ್ಚಾಗುವುದಿಲ್ಲ. ಒಂದು ಪಾಲು ಬಸಿದು ಹಳ್ಳಕ್ಕೆ ಸೇರುತ್ತದೆ. ಆ ಹಳ್ಳಕ್ಕೆ ಕೆಳಗಿನವರು ಪಂಪ್ ಇಟ್ಟಿದ್ದಾರೆ. ಭತ್ತ ಬಿಟ್ಟರೆ ಆ ಹಳ್ಳದ ನೀರೂ ಕಡಿಮೆ ಆಗುತ್ತದೆ. ಉಳಿತಾಯ ಅಂತ ಬರೆದ 2 ಎಕರೆ ಅಡಿಯಲ್ಲಿ ಅರ್ಧ ಎಕರೆ ಅಡಿ ಆಗಲೇ ಯಾರದೋ ಹೊಲಕ್ಕೆ ಹೋಗುತ್ತಿತ್ತು ಅಂತ ಹಿಡಿಯಿರಿ. ನಿಜವಾದ ಉಳಿತಾಯ ಒಂದೂವರೆ. ಆಗ ದಾರಿಯಲ್ಲಿ ಶೇ. 28ಕ್ಕಿಂತ ಜಾಸ್ತಿ ನೀರು ಹೋದರೂ ಲೆಕ್ಕ ಕೂಡಲ್ಲ.

ಲೆಕ್ಕದ_ಹಾಳೆ

ಸರ್, ಇದು ಚಿನ್ನದಂಥ ಮಾತು. ಇದೇ ವಿಷಯವನ್ನು ಅಮೆರಿಕದ ರಿಯೋ ಗ್ರಾಂಡೆ ನದಿಯ ಮೇಲೆ ವಾರ್ಡ್ ಮತ್ತು ಪುಲಿಡೊ-ವೆಲಾಸ್ಕೆಜ್ ಅನ್ನುವವರು 2008ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹನಿ ನೀರಾವರಿಗೆ ಸಬ್ಸಿಡಿ ಕೊಟ್ಟರೆ ಹೊಲಕ್ಕೆ ಬಿಡುವ ನೀರು ಕಡಿಮೆ ಆಗಬಹುದು, ಆದರೆ ಬೆಳೆ ಕುಡಿಯುವ ನೀರು ಹೆಚ್ಚುತ್ತದೆ, ನದಿಗೆ ಮರಳುವ ನೀರು ಕಡಿಮೆ ಆಗುತ್ತದೆ. 2018ರಲ್ಲಿ ಗ್ರಾಫ್ಟನ್ ಮತ್ತು ಜೊತೆಗಾರರು ಬೇರೆ ಬೇರೆ ದೇಶಗಳ ಅನುಭವ ಸೇರಿಸಿ ಇದನ್ನೇ ಹೇಳಿದರು. ನಮ್ಮಲ್ಲಿ ಹನಿ ನೀರಾವರಿ ಅಂದರೆ ಸಾಕು, ನೀರು ಉಳಿಯಿತು ಅಂತ ಬರೆದುಬಿಡುತ್ತೇವೆ. ಉಳಿದ ನೀರಲ್ಲಿ ಇನ್ನೆರಡು ಎಕರೆ ಹೆಚ್ಚು ನೆಟ್ಟರೆ ಉಳಿದದ್ದು ಎಲ್ಲಿ?

ಹಾಳೆಯಲ್ಲಿ ಈಗ ಮೂರು ಕಾಲಂ ಬೇರೆ ಮಾಡುತ್ತೇನೆ: ಹೊಲಕ್ಕೆ ಬಿಟ್ಟದ್ದು, ಬೆಳೆ ಕುಡಿದದ್ದು, ಹಳ್ಳಕ್ಕೆ ಮರಳಿದ್ದು.

ನಾಟಿ_ಸಾಲು (ಸಿಂಧನೂರು)

ನಾನು ಹೊಲ ಇರುವವಳಲ್ಲ. ನಾಟಿ ಗುಂಪು ನಡೆಸುತ್ತೇನೆ, ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಗುತ್ತಿಗೆ ಹಿಡಿಯುತ್ತೇವೆ. ಇಷ್ಟೊತ್ತು ಎಲ್ಲರೂ ಎಕರೆ, ಎಕರೆ ಅಡಿ ಅಂತ ಮಾತಾಡಿದಿರಿ. ಎಕರೆಗೆ ಎಷ್ಟು ಆಳು ಅಂತ ಯಾರೂ ಕೇಳಲಿಲ್ಲ.

ನಾಟಿ ಅಂದರೆ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನಮಗೆ ದಿನವೂ ಕೆಲಸ. ಅದರ ಗುತ್ತಿಗೆ ದುಡ್ಡಲ್ಲೇ ಮಕ್ಕಳ ಫೀಸು, ಸಂಘದ ಕಂತು. ಈಗ ಕೂರಿಗೆಯಲ್ಲಿ ನೇರ ಬಿತ್ತನೆ ಮಾಡುವ ಭತ್ತ ಬಂದಿದೆ. ನೀರು ಉಳಿಯುತ್ತದೆ, ಖರ್ಚು ಉಳಿಯುತ್ತದೆ ಅಂತ ಹೇಳುತ್ತಾರೆ, ಇರಬಹುದು. ಉಳಿದ ಆ ಖರ್ಚು ನಮ್ಮ ಕೂಲಿಯೇ. ಹತ್ತಿಯಾದರೆ ಬಿಡಿಸುವ ಕೆಲಸ ಇರುತ್ತದೆ, ಅದು ಬೇರೆ ತಿಂಗಳು. ಮೆಣಸಿನಕಾಯಿಗೂ ಬಹಳ ಆಳು ಬೇಕು. ಭತ್ತ ಹೋಗಲೇಬಾರದು ಅಂತ ನಾನು ಹೇಳಲ್ಲ. ಯಾವ ತಿಂಗಳು ಯಾರಿಗೆ ಎಷ್ಟು ದಿನದ ಕೆಲಸ ಹೋಗುತ್ತದೆ, ಎಲ್ಲಿ ಬರುತ್ತದೆ ಅಂತ ನಿಮ್ಮ ಹಾಳೆಯಲ್ಲಿ ಒಂದು ಸಾಲು ಇರಲಿ. ಮಾನ್ವಿ ಕಡೆ ನೀರು ಬಂದರೆ ಅಲ್ಲಿಯ ಹೆಣ್ಣುಮಕ್ಕಳು ಗುಳೆ ಹೋಗುವುದು ನಿಲ್ಲುತ್ತದೆ, ಅದೂ ನಮಗೆ ಬೇಕು.

ಲೆಕ್ಕದ_ಹಾಳೆ

ಅಕ್ಕ, ಆ ಸಾಲು ಇರುತ್ತದೆ. ಕೂಲಿ ಅನ್ನುವುದು ರೈತನ ಹಾಳೆಯಲ್ಲಿ ಖರ್ಚು, ನಿಮ್ಮ ಹಾಳೆಯಲ್ಲಿ ಆದಾಯ. ಊರಿನ ಲೆಕ್ಕ ಹಾಕುವಾಗ ಅದನ್ನು ಒಂದೇ ಕಡೆಯಿಂದ ನೋಡಬಾರದು.

ಗ್ರಿಫಿತ್_ಕನ್ನಡಿಗ (ಆಸ್ಟ್ರೇಲಿಯಾ)

ನಾನು ಗಂಗಾವತಿ ಕಡೆಯವನು, ಈಗ ನ್ಯೂ ಸೌತ್ ವೇಲ್ಸ್‌ನ ಗ್ರಿಫಿತ್‌ನಲ್ಲಿದ್ದೇನೆ. ಇದೂ ಭತ್ತದ ನಾಡು, ಮರ್ರಂಬಿಜಿ ನದಿಯ ನೀರು. ಇಲ್ಲಿ ನೀರಿನ ಮಾರುಕಟ್ಟೆ ಇದೆ ಅಂತ ಕೇಳಿರುತ್ತೀರಿ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿಗೆ ಅದನ್ನು ಹಾಗೇ ತರಬೇಕು ಅನ್ನುವವರಿದ್ದಾರೆ.

ಮರ್ರೆ-ಡಾರ್ಲಿಂಗ್ ಕಣಿವೆಯಲ್ಲಿ 1995ರಲ್ಲಿ ಮೊದಲು ಒಂದು ಮಿತಿ ಹಾಕಿದರು: ಇನ್ನು ಮುಂದೆ ನದಿಯಿಂದ ಇಷ್ಟಕ್ಕಿಂತ ಹೆಚ್ಚು ಎತ್ತಬಾರದು. ನೀರಿನ ಹಕ್ಕನ್ನು ಭೂಮಿಯ ಹಕ್ಕಿನಿಂದ ಬೇರೆ ಮಾಡಿದರು. ಪ್ರತಿಯೊಬ್ಬನಿಗೂ ಒಂದು ಪಾಲು ಇರುತ್ತದೆ, ಜಲಾಶಯದಲ್ಲಿ ಎಷ್ಟಿದೆ ನೋಡಿ ಈ ವರ್ಷ ನಿಮ್ಮ ಪಾಲಿನ ಇಷ್ಟು ಪರ್ಸೆಂಟ್ ಅಂತ ಘೋಷಣೆ ಮಾಡುತ್ತಾರೆ. ಬೇಡವಾದರೆ ಆ ವರ್ಷದ ನೀರು ಮಾರಬಹುದು. 2000ರ ದಶಕದ ದೊಡ್ಡ ಬರದಲ್ಲಿ ಭತ್ತದವರು ಬಿತ್ತನೆ ಬಿಟ್ಟು ನೀರು ಮಾರಿದರು. ಹಣ್ಣು, ದ್ರಾಕ್ಷಿ, ಬಾದಾಮಿ ತೋಟದವರು ಕೊಂಡರು, ಅವರ ಗಿಡ ಒಂದು ವರ್ಷ ನೀರಿಲ್ಲದಿದ್ದರೆ ಸತ್ತೇ ಹೋಗುತ್ತದೆ. ಮಾರಿದವನಿಗೂ ದುಡ್ಡು ಬಂತು, ತೋಟವೂ ಉಳಿಯಿತು. ಮಾದರಿಗಳು ಹೇಳಿದ್ದೂ ಇದನ್ನೇ, ಇದು ಸುಳ್ಳಾಗಲಿಲ್ಲ.

ಆದರೆ ಡೆನಿಲಿಕ್ವಿನ್ ಅನ್ನುವ ಊರಿನ ದೊಡ್ಡ ರೈಸ್ ಮಿಲ್ 2007ರಲ್ಲಿ ಬಾಗಿಲು ಹಾಕಿತು. ಬರ ಕಳೆದ ಮೇಲೆ 2011ರಲ್ಲಿ ಮತ್ತೆ ತೆರೆಯಿತು. ನೀರು ಮಾರಿದ ರೈತನಿಗೆ ದುಡ್ಡು ಸಿಕ್ಕಿತು. ಮಿಲ್ಲಿನ ಕೆಲಸಗಾರನ ಹತ್ತಿರ ಮಾರಲು ಯಾವ ನೀರಿತ್ತು? ಸಿಂಧನೂರಿನ ಅಕ್ಕ ಕೇಳಿದ್ದು ಇದನ್ನೇ.

ಇಲ್ಲಿಯ ಮಾರುಕಟ್ಟೆ ನಿಂತಿರುವುದು ಎರಡರ ಮೇಲೆ: ಹೊಲದ ಬಾಯಲ್ಲಿ ಮೀಟರು, ಮತ್ತು ಗಟ್ಟಿ ಮಿತಿ. ಅಷ್ಟಿದ್ದೂ 2017ರಲ್ಲಿ ಬಾರ್ವನ್-ಡಾರ್ಲಿಂಗ್ ಕಡೆ ಕೆಲವರು ಲೆಕ್ಕ ತಪ್ಪಿಸಿ ನೀರು ಎತ್ತುತ್ತಿದ್ದಾರೆ ಅಂತ ದೊಡ್ಡ ಗಲಾಟೆ ಆಯ್ತು, ತನಿಖೆಗಳು ನಡೆದವು. ಇಲ್ಲಿ ಒಬ್ಬ ರೈತನ ಹತ್ತಿರ ನೂರಾರು ಎಕರೆ. ನಮ್ಮಲ್ಲಿ ಒಂದು ತೂಬಿನ ಕೆಳಗೇ ಎಷ್ಟೋ ಮನೆ. ಹೊಲಕ್ಕೊಂದು ಮೀಟರು ಅನ್ನುವುದು ಆಗುವ ಮಾತಲ್ಲ. ಉಪಕಾಲುವೆಯ ಬಾಯಲ್ಲಿ ಅಳೆದು, ಒಳಗೆ ಹಂಚುವುದನ್ನು ರೈತರಿಗೇ ಬಿಡುವುದು ಆಗಬಹುದು.

ಹಳೇ_ಗೇಜ್

ಅದಕ್ಕೇ 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದ್ದು. ಸಂಘಕ್ಕೆ ಅಳೆದು ನೀರು ಕೊಡುವುದು, ಸಂಘ ಒಳಗೆ ಹಂಚುವುದು. ಕಾಗದದ ಮೇಲೆ ಒಳ್ಳೆ ವಿಚಾರ. ಮೇಲಿಂದ ಬರುವ ನೀರೇ ಖಾತ್ರಿ ಇಲ್ಲದಿದ್ದರೆ ಸಂಘ ಯಾವುದನ್ನು ಹಂಚಬೇಕು? ಸಂಘ ಸೋತ ಕಡೆಯೆಲ್ಲ ಮೊದಲು ಈ ಪ್ರಶ್ನೆ ಕೇಳಬೇಕು. ಬರೀ ರೈತರಲ್ಲಿ ಒಗ್ಗಟ್ಟಿಲ್ಲ ಅಂತ ಹೇಳಿ ಮುಗಿಸಬಾರದು.

ಕೊನೆತೂಬು (ಮಾನ್ವಿ)

ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ನಾಲೆಯಲ್ಲಿ ಗೇಟೆಲ್ಲ ಕಂಪ್ಯೂಟರಿನಿಂದ ನಡೆಯುತ್ತವಂತೆ. ನಮ್ಮಲ್ಲೂ ಹಾಗೆ ಮಾಡಿದರೆ ಮುಗೀತಲ್ಲ?

ಹಳೇ_ಗೇಜ್

ಸ್ಕಾಡಾ ಅನ್ನುತ್ತಾರೆ ಅದಕ್ಕೆ. 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರು. ನಾಲೆಯ ವಿಸ್ತರಣೆ, ನವೀಕರಣ ಎಲ್ಲ ಸೇರಿ ಸುಮಾರು 4,700 ಕೋಟಿ ರೂ. ಯೋಜನೆ, 10,000 ಕ್ಯೂಸೆಕ್ (ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ) ಸಾಮರ್ಥ್ಯದ ನಾಲೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಯಾವ ಗೇಟಿನಲ್ಲಿ ಎಷ್ಟು ನೀರು ಅಂತ ಕೂತಲ್ಲೇ ಕಾಣುತ್ತದೆ. ಅಳತೆ ಸಿಗುವುದೇ ದೊಡ್ಡ ಲಾಭ. ಆದರೆ ಗೇಟು ಎಷ್ಟು ಎತ್ತಬೇಕು ಅಂತ ತೀರ್ಮಾನ ಮಾಡುವುದು ಮನುಷ್ಯರೇ. ಮೇಲ್ಭಾಗದಿಂದ ಒತ್ತಡ ಬಂದರೆ ಕಂಪ್ಯೂಟರ್ ಗೇಟೂ ಎದ್ದು ನಿಲ್ಲುತ್ತದೆ. ಆ ಅಂಕಿಗಳು ದಿನವೂ ರೈತರಿಗೆ ಮೊಬೈಲಲ್ಲಿ ಕಾಣಬೇಕು, ಆಗ ಕೇಳುವವರು ಹುಟ್ಟುತ್ತಾರೆ.

ಕಾರಟಗಿ_ಭತ್ತ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಆ ವಾರ ನಾವ್ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ. ಮೇಲ್ಭಾಗ, ಕೊನೆಭಾಗ ಅನ್ನುವ ಜಗಳ ಆಗ ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರಿಗೂ ಒಂದೇ ಭಯ. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದ ಸುದ್ದಿ ಬಂದಾಗ ನಮ್ಮ ಊರಲ್ಲಿ ಸಿಹಿ ಹಂಚಿದರು.

ನಾನು ಒಂದು ಮಾತು ಇಡುತ್ತೇನೆ. ನಮ್ಮ ತೂಬಿನವರು ಎಲ್ಲ ಕೂತು ಮಾತಾಡಿದರೆ ಮುಂಗಾರು ಭತ್ತ ಬಿಡಲ್ಲ, ಅದು ಖಂಡಿತ. ಆದರೆ ಬೇಸಿಗೆ ಬೆಳೆ ಬಿಡಬಹುದು. ಈಗಾಗಲೇ ನೀರಿಲ್ಲದ ವರ್ಷ ಬಿಟ್ಟಿದ್ದೇವೆ. ಬಿಡಿ ಅಂತ ಆದೇಶ ಬರುವುದು ಡಿಸೆಂಬರ್ ಹೊತ್ತಿಗೆ, ಸಸಿಮಡಿ ಹಾಕಿದ ಮೇಲೆ. ಅದೇ ಮಾತನ್ನು ಅಕ್ಟೋಬರ್‌ನಲ್ಲಿ ಹೇಳಿ, ಎಕರೆಗೆ ಇಷ್ಟು ಅಂತ ಪರಿಹಾರ ಖಾತೆಗೆ ಹಾಕಿದರೆ ಕಡಲೆ ಬಿತ್ತುತ್ತೇವೆ. ಎಲ್ಲರೂ ಒಟ್ಟಿಗೆ ಬಿತ್ತಿದರೆ ಬಸಿನೀರಿನ ತೊಂದರೆಯೂ ಇರಲ್ಲ.

ಕೃಷಿ_ಅರ್ಥ (ಧಾರವಾಡ)

ಪಂಜಾಬ್‌ನಲ್ಲಿ 2018ರಲ್ಲಿ ಇಂಥದ್ದೇ ಒಂದು ಪ್ರಯೋಗ ಮಾಡಿದರು. ಪಾನಿ ಬಚಾವೋ ಪೈಸಾ ಕಮಾವೋ (ನೀರು ಉಳಿಸಿ, ದುಡ್ಡು ಗಳಿಸಿ) ಅಂತ. ಅಲ್ಲಿ ಬೋರ್‌ವೆಲ್ ವಿದ್ಯುತ್ ಉಚಿತ. ಉಚಿತ ತೆಗೆಯಲಿಲ್ಲ. ಒಂದು ಮಿತಿ ಹಾಕಿ, ಅದಕ್ಕಿಂತ ಕಡಿಮೆ ಬಳಸಿದರೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂ. ರೈತನ ಖಾತೆಗೆ. ನಮ್ಮಲ್ಲೂ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. ಕರ ಹಾಕುವ ಬದಲು ಬಿಟ್ಟಿದ್ದಕ್ಕೆ ಕೊಡುವುದು. ಮಾದರಿಯಲ್ಲಿ ಎರಡಕ್ಕೂ ಬೆಳೆಯ ಉತ್ತರ ಒಂದೇ ಬರುತ್ತದೆ. ರೈತನ ಮನೆಯಲ್ಲಿ ಒಂದೇ ಅಲ್ಲ.

ಲೆಕ್ಕದ_ಹಾಳೆ

ಸರಿಯಾಗಿ ಹೇಳಿದಿರಿ. ಕರದಲ್ಲಿ ಕಾರಟಗಿಯವರ 14,000 ಹೋಗುತ್ತಿತ್ತು. ಪರಿಹಾರದಲ್ಲಿ ಎಕರೆಗೆ 7,000 ಕೊಟ್ಟರೆ ಅವರು ಇದ್ದ ಹಾಗೇ ಇರುತ್ತಾರೆ. ಕೊನೆಭಾಗದಲ್ಲಿ ಹೆಚ್ಚಾಗುವ ಆದಾಯ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸರ್ಕಾರ ಇದನ್ನು ಮಾಡುವುದಕ್ಕೆ ಅರ್ಥ. ಬೇಸಿಗೆ ಬೆಳೆಗೆ ಆ ಅಂಕಿಗಳು ಬೇರೆ ಆಗುತ್ತವೆ, ಬಿಸಿಲಿಗೆ ನೀರೂ ಜಾಸ್ತಿ ಬೇಕು, ಅದನ್ನು ಬೇರೆ ಹಾಳೆಯಲ್ಲಿ ಮಾಡುತ್ತೇನೆ. ಮೇಲ್ಭಾಗದ ಸವಳು, ಜವುಳಿನ ನಷ್ಟವನ್ನೂ ಸೇರಿಸುತ್ತೇನೆ. ಎರಡು ಬೆಳೆ ಭತ್ತದ ನೀರು ನಿಂತು ಉಪ್ಪು ಮೇಲೆದ್ದ ಹೊಲಗಳ ಮೇಲೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಒಂದು ಬೆಳೆ ಬಿಟ್ಟರೆ ಆ ಭೂಮಿಗೂ ಉಸಿರಾಡಲು ಸಮಯ ಸಿಗುತ್ತದೆ, ಅದರ ಲಾಭ ಮೇಲ್ಭಾಗದವರಿಗೇ.

ಆದರೆ ಎಲ್ಲ ನಿಂತಿರುವುದು ಇಂಜಿನಿಯರ್ ಸರ್ ಹೇಳಿದ ದಾರಿಯ ನಷ್ಟದ ಮೇಲೆ. ಶೇ. 28, ಶೇ. 46 ಅನ್ನುವುದು ಗಡಿ. ನಿಜವಾಗಿ ಎಷ್ಟು ಅನ್ನುವುದು ಉಪಕಾಲುವೆಯಿಂದ ಉಪಕಾಲುವೆಗೆ ಬೇರೆ. ಅದು ಗೊತ್ತಾಗದೆ ನಾನು ಯಾವ ಉತ್ತರವನ್ನೂ ಗಟ್ಟಿಯಾಗಿ ಹೇಳಲಾರೆ.

ಕೊನೆತೂಬು (ಮಾನ್ವಿ)

ನಾವೇ ಅಳೆಯಬಹುದಾ ಸರ್? ನಮ್ಮ ಹತ್ತಿರ ಯಂತ್ರ ಇಲ್ಲ.

ಹಳೇ_ಗೇಜ್

ಅಳೆಯಬಹುದು. ಟೇಪು, ಕೋಲು, ಮೊಬೈಲ್ ಇದ್ದರೆ ಸಾಕು.

ಉಪಕಾಲುವೆಯಲ್ಲಿ ನೆಟ್ಟಗೆ ಇರುವ 100 ಅಡಿ ಜಾಗ ಹುಡುಕಿ. ಜೊಂಡು, ಕಲ್ಲು ಇರಬಾರದು. ಎರಡೂ ತುದಿಯಲ್ಲಿ ಗೂಟ ಹೊಡೆಯಿರಿ. ನೀರಿನ ಅಗಲ ಮೇಲೂ ಅಳೆಯಿರಿ, ತಳದಲ್ಲೂ ಅಳೆಯಿರಿ, ಸರಾಸರಿ ತೆಗೆಯಿರಿ. ಆಳವನ್ನು ಮೂರ್ನಾಲ್ಕು ಕಡೆ ಕೋಲು ಇಳಿಸಿ ನೋಡಿ. ಒಂದು ನಿಂಬೆಹಣ್ಣು ನಡುನೀರಿಗೆ ಬಿಡಿ, 100 ಅಡಿ ಹೋಗಲು ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಿ. ಐದಾರು ಸಲ ಬಿಟ್ಟು ಸರಾಸರಿ ಹಿಡಿಯಿರಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುತ್ತದೆ, ಅದಕ್ಕೆ ಬಂದ ವೇಗವನ್ನು 0.85ರಿಂದ ಗುಣಿಸಬೇಕು.

ಉದಾಹರಣೆ: ಸರಾಸರಿ ಅಗಲ 4 ಅಡಿ, ಆಳ ಒಂದೂವರೆ ಅಡಿ, ಅಂದರೆ 6 ಚದರ ಅಡಿ. 100 ಅಡಿಗೆ 50 ಸೆಕೆಂಡ್, ಸೆಕೆಂಡಿಗೆ 2 ಅಡಿ. 0.85 ಹಾಕಿದರೆ 1.7. ಆರನ್ನು 1.7ರಿಂದ ಗುಣಿಸಿದರೆ 10.2 ಕ್ಯೂಸೆಕ್. ಒಂದು ಕ್ಯೂಸೆಕ್ 24 ಗಂಟೆ ಹರಿದರೆ ಸುಮಾರು 2 ಎಕರೆ ಅಡಿ ಅಂತ ನೆನಪಿಟ್ಟುಕೊಳ್ಳಿ, ಆಗ ಹಾಳೆಯ ಲೆಕ್ಕಕ್ಕೆ ಕೂಡುತ್ತದೆ.

ಇದನ್ನು ಉಪಕಾಲುವೆಯ ಬಾಯಲ್ಲೂ ಕೊನೆಯಲ್ಲೂ ಒಂದೇ ದಿನ ಮಾಡಬೇಕು. ನಡುವೆ ತೆರೆದಿರುವ ಪ್ರತಿ ತೂಬಿನ ನೀರು ಬರೆದುಕೊಂಡು ಕಳೆಯಬೇಕು. ಉಳಿದ ವ್ಯತ್ಯಾಸವೇ ದಾರಿಯ ನಷ್ಟ. ರಾತ್ರಿ ಪೈಪಿನ ನೀರು ತಿಳಿಯಬೇಕಾದರೆ ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಅಳೆಯಿರಿ.

ಕೊನೆತೂಬು (ಮಾನ್ವಿ)

ಮುಂದಿನ ಸಲ ನೀರು ಬಿಟ್ಟಾಗ ನಮ್ಮ ಹುಡುಗರು ಮಾಡುತ್ತಾರೆ. ಮೇಲಿನ ಬಾಯಲ್ಲಿ ಅಳೆಯಲು ಮೇಲಿನ ಊರಿನವರು ಯಾರಾದರೂ ಜೊತೆಗೆ ನಿಂತರೆ ಒಳ್ಳೇದು. ನಾವು ಮಾತ್ರ ಹೋದರೆ ಜಗಳಕ್ಕೆ ಬಂದರು ಅಂತಾರೆ.

ಕಾರಟಗಿ_ಭತ್ತ

ನಿಮ್ಮ ಉಪಕಾಲುವೆಯ ಬಾಯಿ ಇರುವ ಊರಲ್ಲಿ ನಮ್ಮ ಬೀಗರಿದ್ದಾರೆ, ಅವರಿಗೆ ಹೇಳುತ್ತೇನೆ. ನಮ್ಮ ತೂಬಿನ ನೀರನ್ನೂ ಅಳೆದು ಹಾಕುತ್ತೇನೆ, ಎಷ್ಟು ಹೊಲಕ್ಕೆ, ಎಷ್ಟು ಹಳ್ಳಕ್ಕೆ ಅಂತ.

ಲೆಕ್ಕದ_ಹಾಳೆ

ಹಾಳೆಯನ್ನು ಎಲ್ಲರೂ ತಿದ್ದುವ ಹಾಗೆ ಇಡುತ್ತೇನೆ. ಬರೆಯುವಾಗ ದಿನ, ಗಂಟೆ, ಉಪಕಾಲುವೆ ನಂಬರ್, ಅಗಲ, ಆಳ, ಸೆಕೆಂಡ್ ಇಷ್ಟೂ ಹಾಕಿ. ಬರೀ ಕ್ಯೂಸೆಕ್ ಹಾಕಬೇಡಿ, ಗುಣಾಕಾರ ನಾನು ಮಾಡುತ್ತೇನೆ. ಅಕ್ಕ, ನಿಮ್ಮ ಗುಂಪಿಗೆ ಯಾವ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು ಅನ್ನುವುದನ್ನೂ ಅದೇ ಹಾಳೆಯ ಎರಡನೇ ಪುಟದಲ್ಲಿ ಬರೆಯಿರಿ.

ನಾಟಿ_ಸಾಲು (ಸಿಂಧನೂರು)

ಬರೆಯುತ್ತೇನೆ. ನಮ್ಮ ಗುಂಪಿನ ಹಾಜರಿ ಪುಸ್ತಕ ನನ್ನ ಹತ್ತಿರಾನೇ ಇದೆ, ಕಳೆದ ಮೂರು ಮುಂಗಾರಿನದು ಸಿಗುತ್ತದೆ.